ಕೆಂಪು ಲಾರಿಯ ಹೊಟ್ಟೆಯ ಗೀರು

ಆಕ್ಲೆಂಡಿನ ಪಾಪಟೋಟೊಯಿ ಬಡಾವಣೆಯಲ್ಲಿ ಬೆಳಗಿನ ಐದೂವರೆ. ಮೊದಲ ರೈಲು ಖಾಲಿ ಡಬ್ಬಿಗಳನ್ನು ಕುಲುಕಿಸಿಕೊಂಡು ಹೋಗುತ್ತಿದೆ. ಸೆಕೆಂಡ್‌ಹ್ಯಾಂಡ್ ಅಂಗಡಿಯ ಹಿಂಬದಿ ಕೋಣೆಯಲ್ಲಿ ಅರವತ್ತೆರಡರ ಚಾಂದ್ ಪಾಷಾ ಯಾರೋ ದಾನ ಕೊಟ್ಟ ಮೂಟೆಯನ್ನು ನೆಲಕ್ಕೆ ಸುರಿಯುತ್ತಾರೆ. ಕಾಲಿಲ್ಲದ ಕುದುರೆ, ಕತ್ತು ಸಡಿಲಾದ ಗೊಂಬೆ, ಒಂದು ಬಾತುಕೋಳಿ. ಬಾತುಕೋಳಿಯನ್ನೆತ್ತಿ, ಕಣ್ಣು ಮುಚ್ಚಿ, ಅದರ ಹೊಟ್ಟೆಯ ಮೇಲೆ ಹೆಬ್ಬೆರಳಿನ ಉಗುರು ಎಳೆಯುತ್ತಾರೆ. ಆಮೇಲೆ ಮೂಸಿ, ಪಕ್ಕದ ಗೊಂಬೆಗೆ ಹೇಳುತ್ತಾರೆ:

"ಇಂಗ್ಲೆಂಡಿಂದು. ಎರಡು ಅಚ್ಚು ಕೂಡಿದ ಗೆರೆ ನೋಡ್ರಿ, ಕೂದಲೆಳೆ ಹಂಗೈತೆ."

ಹಳೇ ಪ್ಲಾಸ್ಟಿಕ್ ಆಟಿಕೆಗಳ ಕುಲಗೋತ್ರ ಹೇಳುವುದು ಅವರ ಕೆಲಸ. ದಿನಕ್ಕೆ ನಲವತ್ತೈವತ್ತು ಆಟಿಕೆ. ತಯಾರಕರ ಹೆಸರೇ ಇಲ್ಲದವು ಐದಾರು. ಅಂಥವೇ ಅವರಿಗೆ ಅಚ್ಚುಮೆಚ್ಚು, ಅಚ್ಚಿನ ಮನುಷ್ಯ ತಾನೇ! ದಾವಣಗೆರೆಯಿಂದ ಬಂದು ಆಕ್ಲೆಂಡಿನ ಆಟಿಕೆ ಕಾರ್ಖಾನೆಯಲ್ಲಿ ಹತ್ತು ವರ್ಷ ಅಚ್ಚಿನ ಯಂತ್ರ ನಡೆಸಿದವರು. "ಖಟಕ್... ಹುಸ್ಸ್... ಠಪ್!" ಅದರ ಸದ್ದನ್ನು ಇವತ್ತಿಗೂ ಹಾಗೇ ತೆಗೆಯುತ್ತಾರೆ. ಕೇಳುವುದಕ್ಕೆ ಗೊಂಬೆಗಳಷ್ಟೇ ಇವೆ. ಎಂಬತ್ತೆಂಟರಲ್ಲಿ ಕಾರ್ಖಾನೆ ಮುಚ್ಚಿತು. ಅಲ್ಲೇ ಪ್ಯಾಕಿಂಗಿನಲ್ಲಿದ್ದ ಹೆಂಡತಿ ಶಮೀನಾ ತೀರಿಕೊಂಡು ನಾಲ್ಕು ವರ್ಷ. ಮನೆಯಲ್ಲಿ ಒಂದು ತಟ್ಟೆ, ಒಂದು ಲೋಟ ತೊಳೆದರೆ ಪಾತ್ರೆ ಮುಗಿಯಿತು.

ಹತ್ತು ಗಂಟೆಗೆ ಹ್ಯಾಮಿಲ್ಟನ್‌ನಿಂದ ಕಾರು ಓಡಿಸಿಕೊಂಡು ಲೀಲಾ ಬರುತ್ತಾರೆ. ಬೆಂಗಳೂರಿನವರು, ಆಸ್ಪತ್ರೆಯಲ್ಲಿ ನರ್ಸ್. ಹಳೇ ಆಟಿಕೆ ಕೂಡಿಡುವ ಹುಚ್ಚು. ಮುಂದಿನ ವಾರ ಅವರ ಪ್ರದರ್ಶನ. ಕೈಯಲ್ಲೊಂದು ಕೆಂಪು ಹಾಲಿನ ಲಾರಿ.

"ಅಂಕಲ್, ಇದ್ರಲ್ಲಿ ಹೆಸರೇ ಇಲ್ಲ. ಹಾಂಗ್‌ಕಾಂಗ್ ಅಂತ ಲೇಬಲ್ ಹಾಕ್ಬಿಡ್ಲಾ?"

ಲಾರಿಯನ್ನು ಮಗುಚಿ ಪಾಷಾ ಉಗುರು ಎಳೆಯುತ್ತಾರೆ, ಮತ್ತೊಮ್ಮೆ ಎಳೆಯುತ್ತಾರೆ. ಹೊಟ್ಟೆಯ ಮೇಲೆ ಮೀಸೆಯ ಕೂದಲಿನಂಥ ಉಬ್ಬುಗೆರೆ.

"ಅಲ್ಲಮ್ಮ. ಇದು ನಮ್ಮ ಆಕ್ಲೆಂಡಿಂದು."

"ಪ್ರೂಫ್ ಬೇಕು ಅಂಕಲ್. ಇಲ್ಲಾಂದ್ರೆ ಆಟಿಕೆ ಕಲೆಕ್ಟ್ ಮಾಡೋರು ನನ್ನ ಹುರಿದು ತಿಂತಾರೆ."

ಪುರಾವೆ ಎಂದರೆ ಇಷ್ಟು ವರ್ಷ ಮುಚ್ಚಿಟ್ಟ ಒಂದು ತಪ್ಪು. ಹೇಳದಿದ್ದರೆ ಲಾರಿ ಹಾಂಗ್‌ಕಾಂಗಿನ ಪಾಲು.

"ಲಾರಿ ಅಚ್ಚಿನಾಗೆ ಕಚ್ಕೊಂಡಿತ್ತು. ಹಿತ್ತಾಳೆ ಕಡ್ಡೀಲಿ ಎಬ್ಬಿಸ್ಬೇಕು. ನಾನು ಅವಸರಕ್ಕೆ ಸ್ಕ್ರೂಡ್ರೈವರ್ ಹಾಕ್ದೆ, ಅಚ್ಚಿಗೆ ಗೀರು ಬಿತ್ತು. ಗೀರಿನಾಗೆ ಪ್ಲಾಸ್ಟಿಕ್ ಇಳಿದು, ಆಮ್ಯಾಲೆ ಬಂದ ಒಂದೊಂದು ಲಾರಿಗೂ ಈ ಮೀಸೆ!" ಚಾಂದ್ 'ಚ್ಯಾಂಡ್', ಮೇಟ್ 'ಮೈಟ್' ಆಗುವ ಮೇಸ್ತ್ರಿಯ ದನಿ ಅವರ ಮೂಗಿನಿಂದ ಹೊರಡುತ್ತದೆ: "'ಚ್ಯಾಂಡ್, ಮೈಟ್! ಆಲ್ ಗುಡ್?' ನಾನೂ 'ಆಲ್ ಗುಡ್' ಅಂದೆ. ಶಮೀನಾಗೆ ಮಾತ್ರ ಗೊತ್ತಿತ್ತು. ಯಾರೂ ಹೊಟ್ಟೆ ನೋಡ್ಬಾರ್ದು ಅಂತ ಡಬ್ಬಿಯಾಗೆ ಚಕ್ರ ಕೆಳಗೆ ಮಾಡಿ, ಬಿಗಿಯಾಗಿ ಕೂರಿಸೋಳು."

ಪಾಷಾ ಪಕ್ಕದ ಬೀದಿಯ ತಮ್ಮ ಮನೆಗೆ ಹೋಗಿ ಕಪಾಟಿನಿಂದ ಒಂದು ಡಬ್ಬಿ ತರುತ್ತಾರೆ. ಮೇಲೆ ಕಾರ್ಖಾನೆಯ ಹೆಸರಿದೆ. ಕಾರ್ಖಾನೆ ಮುಚ್ಚಿದ ದಿನ ಶಮೀನಾ ತಾನೇ ಪ್ಯಾಕ್ ಮಾಡಿ, ಕೊಂಡು ತಂದದ್ದು. ಈವರೆಗೆ ಅದನ್ನು ಬಿಚ್ಚಿಲ್ಲ. ಅವಳು ಅಂಟಿಸಿದ ಹಳದಿಗಟ್ಟಿದ ಟೇಪಿನ ಮೇಲೆ ಪಾಷಾರ ಉಗುರು ತುಸು ಹೊತ್ತು ತಡೆಯುತ್ತದೆ. ಆಮೇಲೆ ಎಳೆಯುತ್ತದೆ. ಒಳಗಿನ ಲಾರಿಯ ಹೊಟ್ಟೆಯಲ್ಲೂ ಅದೇ ಗೀರು.

ಲೀಲಾ ಎರಡನ್ನೂ ಜೋಡಿಸಿ ನೋಡುತ್ತಾರೆ. "ನಿಮ್ಮ ಹೆಸರು ಹಾಕ್ಲಾ ಅಂಕಲ್?"

"ಬ್ಯಾಡಮ್ಮ, ಆಕ್ಲೆಂಡ್ ಅಂತಿದ್ರೆ ಸಾಕು. ಒಂದೇ ಒಂದು ಕೆಲ್ಸ ಮಾಡು. ಚಕ್ರ ಮ್ಯಾಲೆ ಮಾಡಿ ಇಡು. ಅವಳು ಮುಚ್ಚಿದ್ದು ಸಾಕು, ಇನ್ನ ಕಾಣ್ಲಿ."