ನಲವತ್ತು ಹೆಜ್ಜೆಯ ಕೋವಿ

ಬೆಳಿಗ್ಗೆಯಿಂದ ನನ್ನ ಎರಡೂ ಕೈ ಕೋವಿಯೆಣ್ಣೆ ನಾರುತ್ತಿವೆ. ಸೋಪು ಹಚ್ಚಿ ಮೂರು ಸಲ ತೊಳೆದರೂ ಹೋಗಿಲ್ಲ. ದೋಸೆಗೂ ಅದೇ ವಾಸನೆ ಬಂತೆಂದು ನಮ್ಮನೆಯವರು ದೂರಿದರು, ದೂರುತ್ತಲೇ ನಾಲ್ಕು ತಿಂದರು. ಮೊನ್ನೆ ಚುನಾವಣೆ ಘೋಷಣೆಯಾಯಿತು ನೋಡಿ, ಇನ್ನು ಪರವಾನಗಿ ಇರುವ ಕೋವಿಗಳೆಲ್ಲ ಠಾಣೆಗೆ ಹೋಗಿ ಕೂರಬೇಕು. ಪಂಚಾಯತಿ, ವಿಧಾನಸಭೆ, ಲೋಕಸಭೆ ಎಂದು ನಮ್ಮ ಕೋವಿ ತಪ್ಪಿಸಿಕೊಂಡ ಚುನಾವಣೆ ಒಂದೂ ಇಲ್ಲ. ಪ್ರಜಾಪ್ರಭುತ್ವಕ್ಕೆ ಇಷ್ಟು ನಿಷ್ಠೆಯಿಂದ ನಡೆದುಕೊಂಡವರು ಈ ಕೇರಿಯಲ್ಲಿ ಬೇರೆ ಯಾರೂ ಇಲ್ಲ. ಹೋಗುವ ಮೊದಲು ಅದರ ನಳಿಗೆಗೆ ಎಣ್ಣೆಬಟ್ಟೆ ಎಳೆದು, ಮರದ ಭಾಗ ಒರೆಸಿ, ಚೊಕ್ಕ ಮಾಡುವುದು ನನ್ನ ಕೆಲಸ.

ನನ್ನ ಕೆಲಸ ಎಂದದ್ದಕ್ಕೆ ನಗಬೇಡಿ. ಪರವಾನಗಿ ಈಗ ನನ್ನ ಹೆಸರಿನಲ್ಲೇ ಇದೆ. ಮಿರ್ಜಾನದ ಅಂಗನವಾಡಿಯಲ್ಲಿ ಮಕ್ಕಳಿಗೆ ಕೈ ಕಟ್ಟಿ ಕೂರಲು ಕಲಿಸುತ್ತಾ ತಲೆ ಹಣ್ಣಾದವಳು, ಜಿರಲೆ ಕಂಡರೆ ಮಣೆ ಹತ್ತಿ ನಿಲ್ಲುವವಳು, ಐವತ್ತು ದಾಟಿದ ಮೇಲೆ ಬಂದೂಕು ತರಬೇತಿಗೆ ಹೋಗಿ ಪ್ರಮಾಣಪತ್ರ ತಂದೆ. ಹೇಗೆ ಎಂದು ಹೇಳುತ್ತೇನೆ. ಆದರೆ ಮೊದಲು ಒಂದು ಹಂದಿಯ ವಿಷಯ ಹೇಳದೆ ನಿರ್ವಾಹವಿಲ್ಲ.

ನಮ್ಮನೆಯವರು ಕುಮಟಾ–ಭಟ್ಕಳ ಮಾರ್ಗದಲ್ಲಿ ಬಸ್ಸು ಓಡಿಸುತ್ತಿದ್ದವರು. ಹೊನ್ನಾವರ ಪೇಟೆಯಲ್ಲಿ ಲಾರಿಗೂ ಮೀನಿನ ಟೆಂಪೋಗೂ ನಡುವೆ ಗೇಣಗಲ ಸಂದಿಯಲ್ಲಿ ಬಸ್ಸು ತೂರಿಸಿ, ಕನ್ನಡಿಗೂ ಪೆಟ್ಟಾಗದಂತೆ ಆಚೆ ತೆಗೆಯುತ್ತಿದ್ದರು. ಅಂಥವರಿಗೆ ಅಂತರದ ಅಂದಾಜಿಲ್ಲ ಎಂದರೆ ಯಾರೂ ನಂಬಲಿಕ್ಕಿಲ್ಲ. ಆದರೆ ಈ ಹಂದಿಯ ಮಟ್ಟಿಗೆ ಅವರ ಅಂದಾಜು ವರ್ಷಕ್ಕೊಂದು ರೀತಿ ಇತ್ತು. ನಾನು ಮದುವೆಯಾಗಿ ಬಂದ ವಾರವೇ ಕಥೆ ಕೇಳಿದೆ. ಆಗ ಹಂದಿ ನಮ್ಮ ಗದ್ದೆಯ ಬದುವಿನ ಮೇಲಿತ್ತು. ಮಗಳು ಹುಟ್ಟುವ ಹೊತ್ತಿಗೆ ಗದ್ದೆ ದಾಟಿ ಹೊಳೆಯಂಚಿಗೆ ಹೋಗಿತ್ತು. ಅವಳು ಹೈಸ್ಕೂಲಿಗೆ ಹೋಗುವಾಗ ನಟ್ಟನಡು ಹೊಳೆಯಲ್ಲಿ ಈಜುತ್ತಿತ್ತು. ಇವರ ನಿವೃತ್ತಿಯ ಸುಮಾರಿಗೆ ಅಘನಾಶಿನಿಯ ಆಚೆ ದಡ ಹತ್ತಿ ನಿಂತಿತು, ಇವರು ಈಚೆ ದಡದಿಂದ ಒಂದೇ ಈಡಿಗೆ ಅದನ್ನು ಹೊಡೆದರು. ಹಂದಿ ಎಲ್ಲಿ ಎಂದು ಕೇಳಬೇಡಿ. ಅದು ಕಾಡಿನೊಳಗೆ ಓಡಿಹೋಗಿ ಬಿತ್ತು. ಹಂದಿ ಹೊಡೆಯುವುದು ಕಾನೂನಿಗೆ ವಿರುದ್ಧವಾದ್ದರಿಂದ ಇವರು ಹುಡುಕಲೂ ಹೋಗಲಿಲ್ಲವಂತೆ. ಕಾನೂನಿನ ಮೇಲೆ ಅವರಿಗೆ ಅಷ್ಟು ಗೌರವ ನಾನು ಕಂಡದ್ದು ಅದೊಂದೇ ವಿಷಯದಲ್ಲಿ.

ನಂಬಿದ್ದೆಯಾ ಎಂದು ನೀವು ಕೇಳಬಹುದು. ನಿಜ ಹೇಳಬೇಕೆಂದರೆ ಕೋವಿಯ ಗುಂಡು ಎಲ್ಲಿಯ ತನಕ ಹೋಗುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಹೋಗು ಎಂದರೆ ಹೋಗುತ್ತದೆ ಎಂದುಕೊಂಡಿದ್ದೆ.

ನಾಲ್ಕು ವರ್ಷದ ಹಿಂದೆ ಅವರಿಗೆ ಸಣ್ಣಗೆ ಸ್ಟ್ರೋಕ್ ಆಯಿತು. ಮಾತು ಉಳಿಯಿತು, ನಡಿಗೆ ಉಳಿಯಿತು, ಬಲಗೈ ಮಾತ್ರ ನಡುಗಲು ಹತ್ತಿತು. ಚಾ ಲೋಟ ಬಾಯಿಗೆ ಹೋಗುವಷ್ಟರಲ್ಲಿ ಅರ್ಧ ಅಂಗಿಗೆ ಹೋಗುತ್ತಿತ್ತು. ಪರವಾನಗಿ ನವೀಕರಣಕ್ಕೆ ಹೋದಾಗ ಕಚೇರಿಯವರು ಆ ಕೈ ನೋಡಿ, ಇನ್ನು ನಿಮ್ಮ ಹೆಸರಿನಲ್ಲಿ ಆಗುವುದಿಲ್ಲ, ಒಂದೋ ಕೋವಿ ಒಪ್ಪಿಸಿಬಿಡಿ, ಇಲ್ಲವೇ ಮನೆಯವರು ಯಾರಾದರೂ ತರಬೇತಿ ಮುಗಿಸಿ ಅರ್ಜಿ ಹಾಕಲಿ ಎಂದರು. ಮನೆಗೆ ಬಂದವರು ಜಗಲಿಯಲ್ಲಿ ಕೂತು, "ಕೊಟ್ಟುಬಿಡುವಾ. ಎಂತಕೆ ಬೇಕು ಅದು?" ಎಂದರು. ಆ ದಿನ ಊಟಕ್ಕೆ ಎದ್ದು ಬರಲಿಲ್ಲ. ಬಸ್ಸು ಹೋಗಿತ್ತು, ಕೈ ಹೋಗಿತ್ತು. ಇನ್ನು ಗೋಡೆಯ ಕೋವಿ ಹೋದರೆ ಅದರ ಕೆಳಗೆ ಕೂತು ಹೇಳುವ ಹಂದಿಯೂ ಹೋಗುತ್ತದೆ, ಹಂದಿ ಹೋದರೆ ಇವರಲ್ಲಿ ಉಳಿಯುವುದೇನು ಎಂದು ನನಗೆ ದಿಗಿಲಾಯಿತು. ಮಗಳು ಭಟ್ಕಳದಲ್ಲಿ ಎರಡು ಸಣ್ಣ ಮಕ್ಕಳ ಹಿಂದೆ ಓಡಾಡುತ್ತಿದ್ದಳು. ಮನೆಯವರು ಯಾರಾದರೂ ಎಂದರೆ ನಾನೇ.

ಕುಮಟೆಯಲ್ಲಿ ಹನ್ನೆರಡು ದಿನ, ಬೆಳಿಗ್ಗೆ ಆರಕ್ಕೆ ತರಬೇತಿ. ಮೊದಲ ದಿನ ಸೀರೆಯಲ್ಲೇ ಹೋದೆ. ಕಲಿಸುವವರು ಗದಗ ಕಡೆಯ ಹವಾಲ್ದಾರರು, ಅವರನ್ನು ಉಸ್ತಾದ್ ಎನ್ನಬೇಕು. ಬೋರಲಾಗಿ ಮಲಗಿ ಎಂದರು. ಸೀರೆಯುಟ್ಟು ಊರ ಗಂಡಸರ ಸಾಲಿನಲ್ಲಿ ಬೋರಲಾಗಿ ಮಲಗುವುದು ಎಂಥ ಫಜೀತಿಯೆಂದು ಅನುಭವಿಸಿದವರಿಗೇ ಗೊತ್ತು. ನಾನು ಮೊಣಕಾಲೂರಿ ಸೆರಗು ಸರಿಮಾಡುತ್ತಲೇ ಇದ್ದೆ. ಪಕ್ಕದಲ್ಲಿ ಚೂಡಿದಾರ ಹಾಕಿದ್ದ ಹೆಂಗಸೊಬ್ಬಳು ಆಗಲೇ ಮಲಗಿಯಾಗಿತ್ತು. "ಮಲ್ಗಿ ಅಕ್ಕೋರೆ, ಯಾರೂ ನೋಡುದಿಲ್ಲ. ಎಲ್ಲರಿಗೂ ಅವರವರ ಹೊಟ್ಟೆದೇ ಚಿಂತೆ ಆಗಿದೆ," ಎಂದಳು. ತಲೆಯೆತ್ತಿ ನೋಡಿದರೆ ಹೌದು, ಗಂಡಸರೆಲ್ಲ ಹೊಟ್ಟೆಯ ಮೇಲೆ ತಕ್ಕಡಿಯ ಹಾಗೆ ತೂಗುತ್ತಿದ್ದರು.

ಅವಳು ಯಶೋದಾ, ಕಾಸರಕೋಡದವಳು. ದೋಣಿಯಿಂದ ಮೀನು ಇಳಿಸಿ ಪೇಟೆಗೆ ಹೊರುತ್ತಿದ್ದವಳಿಗೆ ಸೊಂಟನೋವು ಬಂದು, ಎಲ್ಲಾದರೂ ಕಾವಲಿನ ಕೆಲಸ ಸಿಗಲಿ ಎಂದು ತರಬೇತಿಗೆ ಸೇರಿದ್ದಳು. ಮರುದಿನ ನಾನೂ ಮಗಳ ಹಳೇ ಚೂಡಿದಾರ ಹಾಕಿಕೊಂಡು ಹೋದೆ. ಬಸ್ಸಿನಲ್ಲಿ ನನ್ನ ಅಂಗನವಾಡಿಯ ಮಗುವೊಂದು ನೋಡಿ ಗುರುತು ಸಿಗದೆ ತಾಯಿಯ ಬೆನ್ನ ಹಿಂದೆ ಅಡಗಿತು.

ಸಂಜೆ ಮನೆಯಲ್ಲಿ ಎರಡನೆಯ ಪಾಳಿಯ ತರಬೇತಿ. ನಮ್ಮನೆಯವರು ತೆಂಗಿನ ದಂಟೊಂದನ್ನು ನನ್ನ ಹೆಗಲಿಗೆ ಕೊಟ್ಟು, "ಎಡಗಣ್ಣು ಮುಚ್ಚು. ಬೆರಳಿಟ್ಟ ಕೋವಿ ಕುದುರೆ ಗಕ್ಕನೆ ಎಳಿ. ತಡ ಮಾಡ್ದ್ರೆ ಹಂದಿ ಓಡ್ತದೆ," ಎನ್ನುತ್ತಿದ್ದರು. ಬೆಳಿಗ್ಗೆ ನಾನು ಗಕ್ಕನೆ ಎಳೆದರೆ ಉಸ್ತಾದರು ತಲೆ ಚಚ್ಚಿಕೊಳ್ಳುತ್ತಿದ್ದರು: "ಅಕ್ಕಾರ, ಹಂಗ ಜಗ್ಗಬ್ಯಾಡ್ರಿ. ಕೂಸಿನ ಕೈಯಾಗಿಂದ ಚಾಕು ತಗೊಳ್ಳೋ ಹಂಗ, ಸಾವಕಾಶ ತಗೋರಿ. ಯಾರ ಹೇಳಿಕೊಟ್ರ ನಿಮಗ ಹಿಂಗ?" ಯಾರೂ ಇಲ್ಲ ಎಂದೆ. ಕೂಸಿನ ಕೈಯಿಂದ ಚಾಕು ತೆಗೆದುಕೊಳ್ಳುವುದು ನನ್ನ ದಿನನಿತ್ಯದ ಉದ್ಯೋಗ, ಹಾಗಾಗಿ ಅಲ್ಲಿಂದ ಮುಂದೆ ನನ್ನ ಬೆರಳು ಹದಕ್ಕೆ ಬಂತು. ಆದರೆ ಮನಸ್ಸಿನಲ್ಲಿ ಸಣ್ಣದೊಂದು ಮುಳ್ಳು ಕೂತಿತು. ಗಕ್ಕನೆ ಎಳೆದರೆ ನಳಿಗೆ ಅಲುಗುತ್ತದೆ, ಅಲುಗಿದರೆ ಹೊಳೆಯಾಚೆಯ ಹಂದಿಗೆ ತಾಗುವುದು ಹೇಗೆ?

ಒಂಬತ್ತನೆಯ ದಿನ ಅಂತರದ ಪಾಠ. ಮೈದಾನದ ತುದಿಯ ಮಾವಿನ ಮರ ಎಷ್ಟು ದೂರ ಎಂದು ಉಸ್ತಾದರು ಕೇಳಿದರು. ಮೂರೂರ ಕಡೆಯ ರೈತರೊಬ್ಬರು "ಅರ್ಧ ಕೂಗು" ಎಂದರು. ಯಶೋದಾ ಮನಸ್ಸಿನಲ್ಲೇ ಹಗ್ಗ ಬಿಟ್ಟು ಅಳೆದವಳಂತೆ "ನಲ್ವತ್ತು ಮಾರು" ಎಂದಳು. ಉಸ್ತಾದರು ಕೈ ಮುಗಿದು, ಹೆಜ್ಜೆ ಎಣಿಸಿಕೊಂಡು ಹೋಗಿಬರಲು ಎಲ್ಲರನ್ನೂ ಅಟ್ಟಿದರು. ಆಮೇಲೆ ರೈಫಲ್ಲಿಗೂ ನಮ್ಮ ಊರ ಕೋವಿಗೂ ಇರುವ ವ್ಯತ್ಯಾಸ ಹೇಳಿದರು. "ನಿಮ್ಮ ಮನ್ಯಾಗಿರೋ ಒಂಟಿ ನಳಗಿ ಕೋವಿ ಐತಲ್ರಿ, ಅದರ ಚರೀ ಗುಂಡು ನಲವತ್ತ ಹೆಜ್ಜಿ ತನಕ ಮಾತು ಕೇಳ್ತಾವ. ಅದರಾಚಿಗೆ ಹಂದಿಗೆ ಗುಂಗಾಡ ಸೊಳ್ಳಿ ಕಡದಂಗ." ಎಲ್ಲರೂ ನಕ್ಕರು. ನಾನೂ ನಕ್ಕೆ, ನಗು ಅರ್ಧಕ್ಕೇ ನಿಂತಿತು.

ಆ ಸಂಜೆ ಹೊಳೆಯ ದಡಕ್ಕೆ ಹೋಗಿ ನಿಂತೆ. ಭರತದ ನೀರು ತುಂಬಿಕೊಂಡಿತ್ತು. ಆಚೆ ದಡದಲ್ಲಿ ಯಾರೋ ಬಲೆ ಝಾಡಿಸುತ್ತಿದ್ದರು. ಗಂಡಸೋ ಹೆಂಗಸೋ ಎಂದೂ ತಿಳಿಯುತ್ತಿರಲಿಲ್ಲ. ನಲವತ್ತು ಹೆಜ್ಜೆ ಎಂದರೆ ನೀರಿನ ಕಾಲುಭಾಗಕ್ಕೂ ಬರುವುದಿಲ್ಲ. ಮಕ್ಕಳ ತೂಕ, ಎತ್ತರ ಅಳೆದು ಅಳೆದು, ತಪ್ಪು ಅಳತೆ ಕಂಡರೆ ಸುಮ್ಮನಿರಲಾಗದ ಚಾಳಿ ನನ್ನದು. ಮೂವತ್ತು ವರ್ಷ ಒಂದು ತಪ್ಪು ಅಳತೆಯ ಪಕ್ಕದಲ್ಲೇ ಮಲಗಿ ಎದ್ದಿದ್ದೇನೆ ಎಂದು ಸಿಟ್ಟು ಬಂತು. ಸುಳ್ಳು ಹೇಳಿದ್ದಕ್ಕಲ್ಲ, ನಾನು ಕಣ್ಣರಳಿಸಿಕೊಂಡು ಕೇಳಿದ್ದಕ್ಕೆ.

ಕೊನೆಯ ದಿನ ಹೊನ್ನಾವರದಾಚೆ ಗುಡ್ಡದ ಬುಡದಲ್ಲಿ ನಿಜವಾದ ಗುಂಡು. ತಲಾ ಐದು. ನಾನು ಉಸಿರು ಹಿಡಿದು, ಸಾವಕಾಶ ಬೆರಳೊತ್ತಿ, ಐದನ್ನೂ ಬಿಟ್ಟೆ. ಹೋಗಿ ನೋಡಿದರೆ ನನ್ನ ಕಾಗದದಲ್ಲಿ ನಾಲ್ಕು ತೂತು, ಯಶೋದಾಳ ಕಾಗದದಲ್ಲಿ ಆರು. ಉಸ್ತಾದರು, "ಅಕ್ಕಾರ, ಗುರಿ ಛಲೋ ಐತ್ರಿ, ಹಲಗಿ ಮಾತ್ರ ನಿಮ್ಮದಲ್ಲ," ಎಂದರು. ಯಶೋದಾ ಆ ಆರನೆಯದನ್ನು ನನಗೆ ಬಿಟ್ಟುಕೊಡಲಿಲ್ಲ. "ದೋಣಿಗೆ ಹಾರಿ ಬಿದ್ದ ಮೀನು ದೋಣಿಯವ್ರದ್ದೇ," ಎಂದಳು. ಏನಿದ್ದರೂ ನಾನು ಪಾಸಾದೆ.

ಪರವಾನಗಿ ಕೈಗೆ ಬಂದ ಮೇಲೆ ಒಂದು ಭಾನುವಾರ ಯಶೋದಾ ಒಣಸಿಗಡಿಯ ಪೊಟ್ಟಣ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಹದಿನೈದು ವರ್ಷದ ಹಿಂದೆ ನಮ್ಮ ಪಕ್ಕ ಮನೆ ಕಟ್ಟಿಕೊಂಡ ಗಣಪಯ್ಯನೂ, ಕೇರಿಯ ನಾಲ್ಕೈದು ಜನರೂ ಜಗಲಿಯಲ್ಲಿದ್ದರು. ಹೊಸ ಕಿವಿ ಕಂಡ ನಮ್ಮನೆಯವರು ಶುರು ಮಾಡಿದರು. ಕಾಯಿಲೆಯ ನಂತರ ಅವರು ಆ ಕಥೆ ಹೇಳಿದ್ದು ಅದೇ ಮೊದಲು. ಮುಖಕ್ಕೆ ಬಣ್ಣ ಬಂದಿತ್ತು. ಹಂದಿ ಆಚೆ ದಡದಲ್ಲಿ, ಹೊಳೆ ಭರತದಲ್ಲಿ, ಈಡು ಒಂದೇ.

"ಅಯ್ಯೋ ಅಣ್ಣಾ, ಅದು ಆಗ್ಲಿಕ್ಕೇ ಇಲ್ಲ!" ಎಂದಳು ಯಶೋದಾ. ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ, ಕಲಿತ ಪಾಠ ಒಪ್ಪಿಸುವ ಉಮೇದು. "ಈ ಕೋವಿ ನಲ್ವತ್ತು ಹೆಜ್ಜೆ ಮೇಲೆ ಹೋಗುದಿಲ್ಲ ಅಂತ ಉಸ್ತಾದ್ರು ಹೇಳಿದ್ರು. ಅಲ್ದನ್ರಿ ಅಕ್ಕೋರೆ?"

ಗಣಪಯ್ಯ ಎಲೆಯಡಿಕೆಯ ಕವಳ ಉಗಿದು ಬಂದು, "ಹೌದಾ? ಅಕ್ಕೋರೇ ಹೇಳ್ಬಿಡ್ಲಿ. ಈಗ ಸರ್ಟಿಫಿಕೇಟ್ ಇದ್ದವ್ರು ಅವ್ರೇ ಅಲ್ದಾ," ಎಂದ.

ನಮ್ಮನೆಯವರು ನನ್ನತ್ತ ನೋಡಲಿಲ್ಲ. ಬಲಗೈಯನ್ನು ಎಡಗೈಯಲ್ಲಿ ಹಿಡಿದು ಪಂಚೆಯ ಮಡಿಕೆಯೊಳಗೆ ಅಡಗಿಸುತ್ತಿದ್ದರು. ಆ ಕೈ ಅಲ್ಲಿಯೂ ಸುಮ್ಮನಿರಲಿಲ್ಲ, ಪಂಚೆ ಅಲುಗುತ್ತಿತ್ತು. ಹೊಳೆದಡದಲ್ಲಿ ಬಂದ ಸಿಟ್ಟು ಎಲ್ಲಿ ಹೋಯಿತೋ.

"ಆಗ ಇಳಿತ ಇತ್ತು," ಎಂದುಬಿಟ್ಟೆ. "ಇವ್ರಿಗೆ ಮರ್ತು ಹೋಗಿದೆ. ನೀರು ಇಳ್ದು ಈಚೆ ಬದಿ ಕೆಸರು ದಿಬ್ಬ ಎದ್ದಿತ್ತು. ಹಂದಿ ಹೊಳೆ ದಾಟಿ ಆ ದಿಬ್ಬಕ್ಕೆ ಬಂದಿತ್ತು. ನಲ್ವತ್ತು ಹೆಜ್ಜೆ ಸಮಾ ಆಗ್ತದೆ. ನಾನೇ ಕಂಡಿದ್ದೆ."

ಇಳಿತ ಎಂದ ಮೇಲೆ ಮುಗಿಯಿತು. ಹೊಳೆ ಕಂಡ ಊರಿನವರು ಆ ಲೆಕ್ಕಕ್ಕೆ ಎದುರು ಮಾತಾಡುವುದಿಲ್ಲ. "ಹಂಗಾರೆ ಸೈ," ಎಂದು ಯಶೋದಾಳೇ ತಲೆಯಾಡಿಸಿದಳು. ಚಾ ಕುಡಿದು ಎಲ್ಲರೂ ಎದ್ದರು.

ಲೋಟಗಳನ್ನು ಎತ್ತುತ್ತಿದ್ದೆ. ನಮ್ಮನೆಯವರು ಮೆಲ್ಲಗೆ, "ಆ ಹಂದಿ ಬಂದ ವರ್ಷ ನಿಂಗೂ ನಂಗೂ ಮದುವೆನೇ ಆಗಿರ್ಲಿಲ್ಲ ಮಾರಾಯ್ತಿ," ಎಂದರು.

ನಾಲಿಗೆ ಕಚ್ಚಿಕೊಂಡೆ. ಆಮೇಲೆ, ಹೇಗೂ ಸಿಕ್ಕಿಬಿದ್ದೆನಲ್ಲ ಎಂದು, ಕೇಳಿಯೇ ಬಿಟ್ಟೆ. "ಹಂದಿಯಾದ್ರೂ ಬಂದಿತ್ತಾ?"

ಅವರು ಗೋಡೆಯ ಕೋವಿಯತ್ತ ನೋಡಿದರು. "ಬಂದಿತ್ತು. ಬದುವಿನ ಮೇಲೆ, ಹತ್ತು ಹೆಜ್ಜೆ ಇರ್ಲಿಲ್ಲ. ನಾ ಈಡು ಹೊಡೀಲೇ ಇಲ್ಲ. ಹೆದ್ರಿಕೆಗೆ ಆವತ್ತೂ ಈ ಕೈ ಹಿಂಗೇ ನಡುಗಿತ್ತು."

ನಾನು ಪಕ್ಕದಲ್ಲಿ ಕೂತು ಆ ಕೈಯನ್ನು ಹಿಡಿದುಕೊಂಡೆ. ಅವರಿಗೆ ನಗು ಬಂತು, ನನಗೂ ಬಂತು. ನನ್ನ ಕಣ್ಣಲ್ಲಿ ನೀರೂ ಬಂದಿತ್ತು, ಸೆರಗಿನಲ್ಲಿ ಒರೆಸಿಕೊಂಡೆ. ಹನ್ನೆರಡು ದಿನ ಗುರಿ ಹಿಡಿಯಲು ಕಲಿತು ಬಂದವಳು, ಮನೆಯ ಜಗಲಿಯಲ್ಲಿ ಬೇಕೆಂದೇ ಗುರಿ ತಪ್ಪಿಸಿದ್ದೆ. ಉಸ್ತಾದರು ಕ್ಷಮಿಸಲಿ.

ಈಗ ಹೊರಗೆ ಗಣಪಯ್ಯನ ಸದ್ದು ಕೇಳುತ್ತಿದೆ. ಅವನಿಗೂ ಕೋವಿಯಿದೆ, ನಾನೂ ಅವನೂ ಒಟ್ಟಿಗೆ ಠಾಣೆಗೆ ಹೋಗುವುದೆಂದು ಮಾತಾಗಿತ್ತು. ಕಾಯ್ಕಿಣಿಯಿಂದ ಬಂದ ಹೊಸ ಅಳಿಯನನ್ನೂ ಕರೆತಂದಿದ್ದಾನೆ. ಹೊಸ ಕಿವಿ. ನಾನು ಕೋವಿಯನ್ನು ಗೋಣಿಬಟ್ಟೆಯಲ್ಲಿ ಸುತ್ತುವಷ್ಟರಲ್ಲಿ ಕಥೆ ದಡಕ್ಕೆ ಬಂದು ನಿಂತಿದೆ. ಹೊಳೆ ಇಳಿತದಲ್ಲಿದೆ, ಹಂದಿ ಈಚೆಯ ಕೆಸರು ದಿಬ್ಬ ಹತ್ತಿದೆ.

"ನಲ್ವತ್ತು ಹೆಜ್ಜೆ, ಅಲ್ದನೆ?" ಎಂದು ಒಳಗೆ ಕೂಗಿ ಕೇಳಿದರು ನಮ್ಮನೆಯವರು. ಧ್ವನಿಯಲ್ಲಿ ಸ್ವಲ್ಪ ಅಂಜಿಕೆ.

"ನಲ್ವತ್ತೈದು ಇದ್ದಿತ್ತೇನ," ಎಂದೆ.