ಮಿಲ್ಲಿಯ ಬಾಗಿಲ ಮುಂದಿನ ಕುರ್ಚಿಗಳು

ಮಿಲ್ಲಿ ಹ್ರಿವ್ನಾಕಳನ್ನು ಕೇಳದೆ ಬ್ಲೂಮ್‌ಫೀಲ್ಡಿನವರು ಹೊರಗೆ ಊಟಕ್ಕೆ ಹೋಗುತ್ತಿರಲಿಲ್ಲ. ಪಿಟ್ಸ್‌ಬರ್ಗಿನ ಬೇರೆ ಬಡಾವಣೆಗಳವರು ಪತ್ರಿಕೆ ತಿರುವುತ್ತಿದ್ದರು, ಇಲ್ಲವೇ ಫೋನು ತೆಗೆದು ಯಾವ ಹೋಟೆಲಿಗೆ ಎಷ್ಟು ನಕ್ಷತ್ರ ಎಂದು ನೋಡುತ್ತಿದ್ದರು. ನಮ್ಮವರು ಸ್ಟಾವ್ರೋಸನ ಹೋಟೆಲಿಗೆ ಹೋಗಿ ಕಾಫಿ ಹೇಳಿ, ಅದನ್ನು ತಂದಿಡುವ ಮಿಲ್ಲಿಯನ್ನೇ ಕೇಳಿಬಿಡುತ್ತಿದ್ದರು. ಆ ಹೋಟೆಲಿನಲ್ಲಿ ಊಟ ಬಡಿಸುತ್ತಲೇ ಅವಳ ತಲೆಗೂದಲು ಬೆಳ್ಳಗಾಗಿತ್ತು. ಊರಿನ ಯಾವ ಅಡುಗೆಮನೆಯಲ್ಲಿ ಯಾವತ್ತು ಎಣ್ಣೆ ಬದಲಾಯಿಸುತ್ತಾರೆ ಎಂಬುದು ಅಲ್ಲಿನ ಅಡುಗೆಯವರಿಗಿಂತ ಅವಳಿಗೇ ಚೆನ್ನಾಗಿ ಗೊತ್ತು ಎಂದು ಜನ ಚೇಷ್ಟೆ ಮಾಡುತ್ತಿದ್ದರು.

ಅವಳ ಸಲಹೆ ಊಟಕ್ಕೇ ಮುಗಿಯುತ್ತಿರಲಿಲ್ಲ. ಈಸ್ಟರಿಗೆ ಟೋಪಿ ಬೇಕೆಂದ ಹೆಂಗಸರನ್ನು ಹಿಲ್ ಬಡಾವಣೆಯ ಒಡೆಸ್ಸಾ ಪ್ರೂಯಿಟ್‌ಳ ಅಂಗಡಿಗೆ ಅಟ್ಟುತ್ತಿದ್ದಳು. ಪೋಲ್ಕಾ ಕುಣಿಯುವ ಆಸೆ ಇದ್ದವರಿಗೆ ಸ್ಲೋವಾಕರ ಕ್ಲಬ್ಬು, ಅದೂ ಶನಿವಾರ ಮಾತ್ರ. ಬೆಟ್ಟದ ರೈಲು ಹತ್ತಿ ಊರು ನೋಡಬೇಕೆಂದವರಿಗೆ, ಹಗಲು ಹೋದರೆ ದಂಡ, ದೀಪ ಹತ್ತುವ ಹೊತ್ತಿಗೆ ಹೋಗಿ, ಹೆಂಡತಿಯ ಜೊತೆ ಜಗಳವಾಗಿದ್ದರೆ ಅವಳನ್ನೂ ಕರೆದುಕೊಂಡು ಹೋಗಿ ಎನ್ನುತ್ತಿದ್ದಳು. ಮದುವೆಯ ಬಟ್ಟೆ ಎಲ್ಲಿ ಕೊಳ್ಳಲಿ ಎಂದು ಕೇಳಿದ ಹುಡುಗಿಯೊಬ್ಬಳಿಗೆ, ಮೊದಲು ಹುಡುಗನನ್ನು ಕರಕೊಂಡು ಬಾ, ನೋಡಿ ಹೇಳ್ತೀನಿ ಎಂದವಳು ಅವಳು. ಹುಡುಗ ಬಂದ, ಇವಳು ನೋಡಿದಳು, ಬಟ್ಟೆ ಕೊಳ್ಳುವ ಖರ್ಚು ಉಳಿಯಿತು.

ಇಷ್ಟೆಲ್ಲ ಹೇಳುವ ಬಾಯಿ ಒಂದು ಮಾತನ್ನು ಮಾತ್ರ ಹೇಳುತ್ತಿರಲಿಲ್ಲ: ಇಲ್ಲೇ ತಿನ್ನಿ. ಸ್ಟಾವ್ರೋಸನ ಅಡುಗೆ ಅಷ್ಟಕ್ಕಷ್ಟೇ. ಸುಳ್ಳು ಹೇಳುವುದು ಅವಳ ಜಾಯಮಾನವಲ್ಲ. ಜನವರಿಯ ಒಂದು ಮಧ್ಯಾಹ್ನ ಕ್ಲೀವ್‌ಲ್ಯಾಂಡಿನಿಂದ ಬಂದವನೊಬ್ಬ ಒಳ್ಳೆಯ ಸೂಪು ಎಲ್ಲಿ ಸಿಗುತ್ತದೆ ಎಂದು ಕೇಳಿದ. ಮಿಲ್ಲಿ ಎದುರು ಬೀದಿಯ ಹೋಟೆಲಿನ ಕಡೆ ಕೈ ತೋರಿಸಿದಳು. ಸ್ಟಾವ್ರೋಸ್ ಬೆನ್ನ ಹಿಂದೆಯೇ ನಿಂತಿದ್ದ. ಹಾಗಾದರೆ ನೀನೂ ಅಲ್ಲಿಗೇ ಹೋಗು ಎಂದು ಅವಳ ಏಪ್ರನ್ ಬಿಚ್ಚಿಸಿದ. ಪಾಪ, ಅವನದೂ ತಪ್ಪೆನ್ನಲಾರೆ. ತನ್ನ ಕಾಫಿ ಕುಡಿದು ಎದ್ದು ಬೇರೆಯವನ ಸೂಪಿಗೆ ಹೋಗುವ ಗಿರಾಕಿಗಳನ್ನು ಎಷ್ಟು ವರ್ಷ ಅಂತ ನೋಡಿಯಾನು?

ಮಿಲ್ಲಿ ಎದುರು ಬೀದಿಗೆ ಹೋಗಲಿಲ್ಲ. ಲಿಬರ್ಟಿ ಅವೆನ್ಯೂವಿನಿಂದ ಮೇಲಕ್ಕೆ ಏರುವ ಬೀದಿಯಲ್ಲಿ, ಚಪ್ಪಲಿ ರಿಪೇರಿಯವನು ಮುಚ್ಚಿಕೊಂಡು ಹೋದ ಅಂಗಡಿಯೊಂದನ್ನು ತನ್ನದೇ ಹೋಟೆಲಿಗೆಂದು ಬಾಡಿಗೆಗೆ ಹಿಡಿದಳು. ಅಣ್ಣ ಎಮಿಲ್ ಅವಳ ಜೊತೆಗೆ ನಿಂತ. ಬಸ್ಸು ಓಡಿಸಿ ನಿವೃತ್ತನಾದವನು, ಮದುವೆಯಾಗದವನು, ತಂಗಿಯ ಕೈರುಚಿಯ ಒಬ್ಬನೇ ಸಾಕ್ಷಿ. ಇಬ್ಬರೂ ಸೇರಿ ಗೋಡೆಗೆ ಬಣ್ಣ ಬಳಿದರು, ಮೇಜು ತಂದರು. ಫೆಬ್ರವರಿಯ ಒಂದು ಶುಕ್ರವಾರ ಸಂಜೆ ಬಾಗಿಲು ತೆಗೆಯುವುದೆಂದಾಯಿತು.

ಆದರೆ ಊರಿಗೆಲ್ಲ ದಾರಿ ತೋರಿಸಿದವಳಿಗೆ ತನ್ನ ಬಾಗಿಲು ತೋರಿಸಲು ನಾಚಿಕೆ. ಜಾಹೀರಾತು ಬೇಡ ಎಂದಳು. ಟೋಪಿ ಅಂಗಡಿಯ ಒಡೆಸ್ಸಾಗೆ ಒಬ್ಬಳಿಗೇ ಹೇಳಿದಳು. ಒಡೆಸ್ಸಾ ಅದನ್ನು ಯಾರಿಗೆ ಹೇಳಬೇಕೋ ಅವರಿಗೆಲ್ಲ ಹೇಳಿದಳು. ಅದು ಮಿಲ್ಲಿಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಇಷ್ಟೇ: ಸ್ಟಾವ್ರೋಸ್ ಮೆತ್ತಗಾಗಿದ್ದಾನೆ, ಏಪ್ರನ್ ಮೊಳೆಗೆ ನೇತಾಡುತ್ತಿದೆ, ಯಾವಾಗ ಬೇಕಾದರೂ ಬಾ ಎಂದು ಹೇಳಿಕಳಿಸಿದ್ದಾನೆ. ಶುಕ್ರವಾರ ಜನ ಬಾರದಿದ್ದರೆ ಸೋಮವಾರ ಹೋಗಿ ಅದನ್ನು ಕಟ್ಟಿಕೊಳ್ಳುತ್ತೇನೆ ಎಂದು ಎಮಿಲನಿಗೆ ಹೇಳಿದ್ದಳು. ಹೇಳುವಾಗ ನಕ್ಕಿದ್ದಳು, ಆದರೆ ಆ ರಾತ್ರಿ ನಿದ್ದೆ ಬಂದಿರಲಿಲ್ಲ.

ಗುರುವಾರ ಮೊಣಕಾಲಿನವರೆಗೆ ಹಿಮ ಬಿತ್ತು. ಶುಕ್ರವಾರ ಬೆಳಗಿನಿಂದ ಎಮಿಲ್ ಸಲಿಕೆ ಹಿಡಿದು ಬೀದಿಗಿಳಿದ. ಅಂಗಡಿಯ ಮುಂದಷ್ಟೇ ಅಲ್ಲ, ಆ ಸಾಲಿನಲ್ಲಿ ಕಾರು ನಿಲ್ಲುವ ಜಾಗವನ್ನೆಲ್ಲ ಬಾಚಿ ಚೊಕ್ಕ ಮಾಡಿದ. ಆಮೇಲೆ ಬೆನ್ನು ಹಿಡಿದುಕೊಂಡೇ ಮನೆಯಿಂದ, ಪಕ್ಕದ ಮನೆಯಿಂದ, ಕ್ಲಬ್ಬಿನಿಂದ ಹಳೆಯ ಕುರ್ಚಿಗಳನ್ನು ಹೊತ್ತು ತಂದು ಒಂದೊಂದು ಜಾಗಕ್ಕೆ ಒಂದೊಂದು ಇಟ್ಟ. ತಂಗಿಯ ಗಿರಾಕಿಗಳಿಗೆ ಜಾಗ ಬೇಡವೇ?

ನಮ್ಮೂರಲ್ಲಿ ಹಿಮ ಬಾಚಿದವನು ಆ ಜಾಗದಲ್ಲಿ ಅಡುಗೆಮನೆಯ ಕುರ್ಚಿಯೊಂದನ್ನು ಇಟ್ಟರೆ ಮುಗಿಯಿತು, ಆ ಜಾಗ ಅವನಿಗೇ ಮೀಸಲು, ಬೇರೆ ಯಾರೂ ಅಲ್ಲಿ ಕಾರು ನಿಲ್ಲಿಸುವಂತಿಲ್ಲ. ಯಾವ ಕಾನೂನಿನಲ್ಲೂ ಅದು ಬರೆದಿಲ್ಲ, ಆದರೂ ಪೊಲೀಸರೇ ಆ ಕುರ್ಚಿಯ ಸುತ್ತ ಬಳಸಿಕೊಂಡು ಹೋಗುತ್ತಾರೆ. ಕಾಲು ಮುರಿದ ಕುರ್ಚಿಗೂ ಅಷ್ಟೇ ಮರ್ಯಾದೆ. ಅದನ್ನು ಮುಟ್ಟುವುದೆಂದರೆ ಇನ್ನೊಬ್ಬರ ಮನೆಯೊಳಗೆ ನುಗ್ಗಿ ಮಂಚದ ಮೇಲೆ ಮಲಗಿದ ಹಾಗೆ. ಹುಟ್ಟಿದಾರಭ್ಯ ಇದನ್ನು ನೋಡಿದ ಎಮಿಲನಿಗೆ, ಬರುವ ಗಿರಾಕಿಗಳೂ ಇದೇ ಊರಿನವರು ಎಂಬುದು ಹೊಳೆಯಲಿಲ್ಲ. ಮಿಲ್ಲಿಯೂ ಕಿಟಕಿಯಿಂದ ಕುರ್ಚಿಗಳನ್ನು ನೋಡಿದಳು. ಅಣ್ಣ ಎಷ್ಟು ದುಡಿದಿದ್ದಾನೆ ಎಂದು ಅವಳ ಕಣ್ಣು ತುಂಬಿತು. ತಪ್ಪೇನೂ ಕಾಣಲಿಲ್ಲ.

ಸಂಜೆಯಾಯಿತು. ಒಲೆಯ ಮೇಲೆ ಅಣಬೆಯ ಸೂಪು, ಎಲೆಕೋಸಿನಲ್ಲಿ ಸುತ್ತಿದ ಮಾಂಸ, ಬೆಣ್ಣೆಯಲ್ಲಿ ಹುರಿದ ಎಲೆಕೋಸಿಗೆ ಅಗಲವಾದ ಶಾವಿಗೆಯಂಥ ಎಳೆಗಳನ್ನು ಕಲಸಿದ ಹಲುಷ್ಕಿ, ತಟ್ಟೆಯಲ್ಲಿ ಆಲೂಗಡ್ಡೆ ತುಂಬಿದ ಕಡುಬಿನಂಥ ಪಿರೋಗಿ. ಬಾಗಿಲಿಗೆ ಕಟ್ಟಿದ ಗಂಟೆ ಮಾತ್ರ ಅಲ್ಲಾಡಲಿಲ್ಲ. ಬೀದಿಯಲ್ಲಿ ಕಾರುಗಳು ನಿಧಾನವಾಗಿ ಬರುತ್ತಿದ್ದವು, ಅಂಗಡಿಯ ಮುಂದೆ ಇನ್ನೂ ನಿಧಾನವಾಗುತ್ತಿದ್ದವು, ಮುಂದೆ ಹೋಗಿಬಿಡುತ್ತಿದ್ದವು. ನಡೆದು ಬಂದ ಒಂದಿಬ್ಬರು ಕುರ್ಚಿಗಳ ಸಾಲು ನೋಡಿ, ಒಳಗೆ ಯಾರದೋ ಮನೆಯ ಸಮಾರಂಭವಿರಬೇಕೆಂದು ಕೊರಳುಪಟ್ಟಿ ಮೇಲೆತ್ತಿಕೊಂಡು ಹೋದರು.

ಕಿಟಕಿಯಿಂದ ಮಿಲ್ಲಿ ಇದನ್ನೆಲ್ಲ ನೋಡಿದಳು. ಊರಿಡೀ ತನ್ನ ಮಾತು ಕೇಳಿದ್ದು ನಿಜ, ಆದರೆ ತನ್ನ ಮಾತನ್ನಷ್ಟೇ. ತಾನು ಬೇಯಿಸಿದ್ದು ಯಾರಿಗೆ ಬೇಕು? ಬಂದು, ನೋಡಿ, ಮುಖ ತಿರುಗಿಸಿಕೊಂಡು ಹೋಗುತ್ತಿದ್ದಾರೆ. ಅವಳಿಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಸೂಪಿನ ಉರಿ ಆರಿಸು ಎಂದಳು. ಎಮಿಲ್ ಆರಿಸಲಿಲ್ಲ. ಅವನು ಅವಳ ಮುಖ ನೋಡಲೂ ಇಲ್ಲ, ಪಾಪ, ಒಲೆಯ ಮುಂದೆ ಸೌಟು ತಿರುಗಿಸುತ್ತ ನಿಂತ.

ಆಗ ಗಂಟೆ ಅಲ್ಲಾಡಿತು. ಒಡೆಸ್ಸಾ ಪ್ರೂಯಿಟ್ ನೇರಳೆ ಬಣ್ಣದ ಟೋಪಿಯಲ್ಲಿ ಏದುಸಿರು ಬಿಡುತ್ತ ಒಳಗೆ ಬಂದಳು. ಅವಳಿಗೆ ಕಾರಿಲ್ಲ, ಬಸ್ಸಿಳಿದು ಏರು ಹತ್ತಿ ಬಂದಿದ್ದಳು. ಕೋಟು ಬಿಚ್ಚಲಿಲ್ಲ, ಕೂರಲಿಲ್ಲ.

"ಬೀದೀನ ಯಾರಿಗೇ ಕಾದಿಟ್ಟಿದ್ದೀಯ? ಅಧ್ಯಕ್ಷರೇನಾದ್ರೂ ಊಟಕ್ಕೆ ಬರ್ತಾರಾ?"

"ಯಾರೂ ಬರಲ್ಲ ಕಣೆ, ನೀನೊಬ್ಳೇ ಬಂದಿರೋದು. ಕೂತ್ಕೋ, ಬಡಿಸ್ತೀನಿ," ಎಂದಳು ಮಿಲ್ಲಿ.

"ಬರಲ್ವಾ? ಕೆಳಗೆ ಹೋಗಿ ನೋಡು. ಮೀನಂಗಡಿಯೋರು, ಹೂವಿನ ಕಾನ್ಚೆಟಾ, ಕ್ಲಬ್ಬಿನ ಬ್ಯಾಂಡಿನೋರು, ನೀನು ಕಳಿಸಿದ ಗಿರಾಕಿಗಳಿಂದ ಬದುಕ್ದೋರೆಲ್ಲ ಚರ್ಚಿನ ಸುತ್ತ ಪ್ರದಕ್ಷಿಣೆ ಹಾಕ್ತಾ ಇದಾರೆ. ಕಾನ್ಚೆಟಾ ಗಂಡ ಅಂತೂ ಹೊಟ್ಟೆ ಹಸಿದು ಹೂವೇ ತಿನ್ನೋ ಥರ ಇದಾನೆ. ಹೊರಗೆ ಅಷ್ಟುದ್ದಕ್ಕೂ ಕುರ್ಚಿ ಇಟ್ರೆ ಯಾರೇ ನಿಲ್ಲಿಸ್ತಾರೆ ಕಾರು?"

ಮಿಲ್ಲಿ ಕಿಟಕಿಯ ಕಡೆ ನೋಡಿದಳು. ಮತ್ತೆ ಅಣ್ಣನ ಕಡೆ ನೋಡಿದಳು. ಎಮಿಲ್ ಹಣೆ ಚಚ್ಚಿಕೊಂಡ. "ಅವ್ರಿಗೇ ಅಂತ ಇಟ್ಟಿದ್ದು ಕಣೆ," ಎಂದ, ಅಳುವ ದನಿಯಲ್ಲಿ.

ಮಿಲ್ಲಿ ನಕ್ಕ ನಗು ಅಡುಗೆಮನೆಯ ಪಾತ್ರೆಗಳಿಗೆಲ್ಲ ಕೇಳಿಸಿರಬೇಕು. ಕೋಟೂ ಹಾಕಿಕೊಳ್ಳದೆ ಬೀದಿಗೆ ಓಡಿದಳು. ಮೊದಲ ಕುರ್ಚಿಗೆ ಕೈ ಹಾಕಿದಾಗ ಮಾತ್ರ, ಅಣ್ಣನೇ ಇಟ್ಟದ್ದೆಂದು ಗೊತ್ತಿದ್ದೂ, ಎದುರುಮನೆಯವರು ನೋಡುತ್ತಾರೇನೋ ಎಂದು ಒಮ್ಮೆ ಅತ್ತಿತ್ತ ಕಣ್ಣು ಹಾಯಿಸಿದಳು. ಅಭ್ಯಾಸ ಬಿಡುತ್ತದೆಯೇ? ಆಮೇಲೆ ಎರಡೂ ಕೈಯಲ್ಲಿ ಒಂದೊಂದು ಎತ್ತಿಕೊಂಡಳು, ಎಮಿಲ್ ಉಳಿದವನ್ನು ಹೆಗಲಿಗೇರಿಸಿದ. ಒಡೆಸ್ಸಾ ಬೀದಿಯ ನಡುವೆ ನಿಂತು ಟೋಪಿ ತೆಗೆದು ಬೀಸಿದಳು. ತಿರುವಿನಲ್ಲಿ ಮೊದಲ ಕಾರಿನ ದೀಪ ಕಂಡಿತು, ಅದರ ಹಿಂದೆ ಇನ್ನೊಂದು, ಮತ್ತೊಂದು.

ಸ್ವಲ್ಪ ಹೊತ್ತಿಗೆ ಕೋಟುಗಳನ್ನು ಹಾಕಲು ಜಾಗವಿಲ್ಲದಾಯಿತು. ಬೀದಿಯ ಕುರ್ಚಿಗಳನ್ನು ಒರೆಸಿ ಮೇಜುಗಳ ನಡುವೆ ತುರುಕಿದರು. ಅವೂ ಸಾಲದೆ ಬ್ಯಾಂಡಿನವರು ಗೋಡೆಗೆ ಒರಗಿಕೊಂಡು ನಿಂತೇ ತಿಂದರು. ಮೀನಂಗಡಿಯವನು ಪಿರೋಗಿ ಬಾಯಿಗಿಟ್ಟು ಕಣ್ಣು ಮುಚ್ಚಿ, ಇಷ್ಟು ವರ್ಷ ಇದನ್ನು ಬಚ್ಚಿಟ್ಟುಕೊಂಡು ನನ್ನ ಮೀನು ಹೊಗಳುತ್ತಿದ್ದೆಯಾ ಎಂದು ಬೈದ. ಆ ಬೈಗುಳ ಕೇಳಿ ಮಿಲ್ಲಿಗೆ ರೆಕ್ಕೆ ಬಂದಂತಾಯಿತು.

ಅಷ್ಟರಲ್ಲಿ ಬಾಗಿಲಲ್ಲಿ ಸ್ಟಾವ್ರೋಸ್ ಕಂಡ. ಅವನ ಹೋಟೆಲು ಖಾಲಿ ಹೊಡೆಯುತ್ತಿತ್ತು, ಬಾಗಿಲು ಹಾಕಿಕೊಂಡು ಬಂದಿದ್ದ. ಮಿಲ್ಲಿ ಅವನಿಗೆ ಎಲ್ಲರಂತೆ ಕಾಯಲು ಹೇಳಿದಳು. ಅವನು ಕಾದ. ಜಾಗ ಸಿಕ್ಕಾಗ ಕೂತು, ಒಂದು ತಟ್ಟೆ ಹಲುಷ್ಕಿಯನ್ನು ತಲೆಯೆತ್ತದೆ ತಿಂದು ಮುಗಿಸಿದ.

"ಈ ಕೈ ಇಟ್ಕೊಂಡು ನನ್ ಹೋಟ್ಲಲ್ಲಿ ಕಾಫಿ ಹಂಚ್ತಿದ್ದೆಯಲ್ಲೇ," ಎಂದ. "ಒಂದ್ ಮಾತು ಹೇಳ್ಬಾರ್ದಿತ್ತಾ?"

"ನೀನು ಯಾವತ್ತೂ ಕೇಳ್ಲಿಲ್ಲ. ಊರೋರೆಲ್ಲ ಕೇಳಿದ್ರು, ನೀನೊಬ್ನೇ ಕೇಳ್ಲಿಲ್ಲ."

ಸ್ಟಾವ್ರೋಸ್ ಖಾಲಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ, "ನಿಂದು ಊಟ ಆಯ್ತಾ?" ಎಂದ.

ಆಗಿರಲಿಲ್ಲ. ಬೆಳಗಿನಿಂದ ಅವಳು ರುಚಿ ನೋಡಿದ್ದಷ್ಟೇ. ಸ್ಟಾವ್ರೋಸ್ ಎದ್ದ. ತನ್ನ ಹೋಟೆಲಿನಲ್ಲಿ ಒಂದು ಲೋಟವನ್ನೂ ಎತ್ತಿಟ್ಟವನಲ್ಲ, ಈಗ ಎಮಿಲನ ಹೆಗಲ ಮೇಲಿನ ಬಟ್ಟೆ ಎಳೆದು ಸೊಂಟಕ್ಕೆ ಕಟ್ಟಿಕೊಂಡು, ಕಾಫಿಯ ಜಗ್ಗು ಹಿಡಿದು, ತಾನು ಬಿಟ್ಟೆದ್ದ ಕುರ್ಚಿಯನ್ನು ಅವಳ ಕಡೆ ತಳ್ಳಿದ. ಎಮಿಲ್ ತಟ್ಟೆ ತುಂಬಿ ತಂದಿಟ್ಟ. ಮಿಲ್ಲಿ ಕೂತಳು. ಹೋಟೆಲಿನ ಮೇಜಿನ ಮುಂದೆ, ದೀಪ ಉರಿಯುತ್ತಿರುವಾಗ, ಜನ ತುಂಬಿರುವಾಗ ಕೂತು ಉಣ್ಣುವುದು ಹೇಗೆಂದು ಅವಳಿಗೆ ಮೊದಲು ತಿಳಿಯಲಿಲ್ಲ. ಬೆನ್ನು ನೆಟ್ಟಗೆ ಮಾಡಿದಳು, ಮೊಣಕೈಗಳನ್ನು ಮೇಜಿನ ಮೇಲಿಟ್ಟಳು, ಒಂದು ತುತ್ತು ತಿಂದಳು. ಚೆನ್ನಾಗಿತ್ತು. ತನ್ನ ಅಡುಗೆ ನಿಜವಾಗಿ ಚೆನ್ನಾಗಿತ್ತು.

ಅವಳು ಲೋಟವನ್ನು ಮೇಜಿನ ಅಂಚಿಗೆ ಸರಿಸಿದಳು. "ಸ್ಟಾವ್ರೋಸ್, ಇಲ್ಲಿ ಕಾಫಿ ಹಾಕು," ಎಂದಳು. ಅವನು ಜಗ್ಗು ಹಿಡಿದು ಬೇಗಬೇಗ ಬಂದ.