ನಾಲ್ಕನೇ ಸೀಟಿನ ದೊಡ್ಡ ಉಪಕಾರ

ನಮ್ಮ ಕನ್ನಡ ಸಂಘದಲ್ಲಿ ಈ ಕಥೆಯನ್ನು ಹೇಳುವ ರೀತಿಯೇ ಬೇರೆ. ಸಾಂತಾಕ್ರೂಜಿನಲ್ಲಿ ಒಬ್ಬ ಉದ್ಧಟ ಹುಡುಗ ಇದ್ದನಂತೆ, ಚರ್ಚಾಸ್ಪರ್ಧೆಯ ಹುಲಿಯಂತೆ. ಒಂದು ದಿನ ಲೋಕಲ್ ರೈಲಿನಲ್ಲಿ ಹಿರಿಯರೊಬ್ಬರು ಎದ್ದು ತಮ್ಮ ಸೀಟು ಬಿಟ್ಟುಕೊಟ್ಟರಂತೆ. ಹುಡುಗನ ಕಣ್ಣು ತೆರೆಯಿತಂತೆ. ಅಂದಿನಿಂದ ಕಂಡಕಂಡವರಿಗೆಲ್ಲ ಕೃತಜ್ಞತೆ ಹೇಳುತ್ತಾ ಸುಖವಾಗಿದ್ದಾನಂತೆ.

ಆ ಹುಡುಗ ನಾನು. ಈ ಕಥೆಗೆ ನನ್ನ ಆಕ್ಷೇಪ ಮೂರು. ಒಂದು, ಹಿರಿಯರು ಎದ್ದು ನಿಂತದ್ದು ನಿಜ, ಆದರೆ ಪ್ರೀತಿಯಿಂದಲ್ಲ, ನೊಂದು. ಎರಡು, ಅವರು ನೊಂದದ್ದೇ ನಾನು ಕೃತಜ್ಞತೆ ಹೇಳಿದ್ದರಿಂದ. ಮೂರನೆಯದು ಸದ್ಯಕ್ಕೆ ನನ್ನ ಬಳಿ ಇಲ್ಲ. ಚರ್ಚಾಪಟುಗಳಾದ ನಾವು ಯಾವಾಗಲೂ ‘ಮೂರು’ ಎಂದೇ ಶುರು ಮಾಡುತ್ತೇವೆ. ಮೂರನೆಯದು ಮಾತಾಡುತ್ತಾ ಹೊಳೆಯುತ್ತದೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ದಿನಾ ಬೆಳಿಗ್ಗೆ ಸಾಂತಾಕ್ರೂಜಿನಲ್ಲಿ ಲೋಕಲ್ ಹತ್ತಿ ಚರ್ಚ್‌ಗೇಟಿನ ಕಾಲೇಜಿಗೆ ಹೋಗುತ್ತಿದ್ದೆ. ಲೋಕಲ್‌ನ ಬೆಂಚು ಮೂರು ಜನಕ್ಕೆ ಮಾಡಿದ್ದು, ಕೂರುವುದು ನಾಲ್ಕು ಜನ. ಮೂವರು ಸರಿದುಕೊಂಡರೆ ಅಂಚಿನಲ್ಲಿ ಒಂದು ಅಂಗೈಯಷ್ಟು ಹಲಗೆ ಉಳಿಯುತ್ತದೆ. ಅದೇ ನಾಲ್ಕನೇ ಸೀಟು. ಅಲ್ಲಿ ಅರ್ಧ ಕುಂಡೆ ಊರಿ, ಇನ್ನರ್ಧವನ್ನು ದೇವರಿಗೆ ಬಿಡಬೇಕು. ಕೊನೆಗೆ ಬಂದವನಿಗೆ ಆ ಸೀಟು. ಅದು ನಿಯಮ.

ನನಗೆ ಮಾತ್ರ ಆ ನಿಯಮ ಇರಲಿಲ್ಲ. ದಹಿಸರ್‌ನಿಂದ ಕುಳಿತು ಬರುವ ಚಾಚಾ ಒಬ್ಬರಿದ್ದರು. ವಿಜಾಪುರದ ಕಡೆಯವರು, ಪರೇಲಿನ ಅಂಗಡಿಯೊಂದರಲ್ಲಿ ಬಟ್ಟೆ ಕತ್ತರಿಸುವ ಕೆಲಸ. ನಾನು ಒಮ್ಮೆ ನಿಂತುಕೊಂಡು ಭಾಷಣ ಬಾಯಿಪಾಠ ಮಾಡುತ್ತಿದ್ದಾಗ, “ಯಾವೂರಪಾ ನಿಂದು?” ಅಂದಿದ್ದರು. ಧಾರವಾಡ ಅಂದೆ. “ಹಂಗಾದ್ರ ನಮ್ಮಾಂವ ಬಿಡು. ಬಾ ಬೇಟಾ, ಒಳಗ ಕುಂದ್ರು. ಓದಾಂವ ನೀ.” ತಾವು ಅಂಚಿಗೆ ಸರಿದು ನನ್ನನ್ನು ಮೂರನೇ ಸೀಟಿನಲ್ಲಿ ಕೂರಿಸಿದರು. ಮರುದಿನವೂ ಹಾಗೆಯೇ. ಒಂದು ವರ್ಷ ಹಾಗೆಯೇ. “ಇವತ್ತ ಯಾರನ್ನ ಸೋಲಸಾಕ ಹೊಂಟಿ?” ಎಂದು ದಿನಾ ಕೇಳುವರು. ನಾನು ದಿನಾ ಹೇಳುವೆ. ಅವರು ನನಗಿಂತ ಮೊದಲು ಲೋವರ್ ಪರೇಲಿನಲ್ಲಿ ಇಳಿಯುತ್ತಾರೆ, ಆದ್ದರಿಂದ ಅಂಚು ಅವರಿಗೇ ಅನುಕೂಲ ಎಂದು ನಾನು ತರ್ಕಬದ್ಧವಾಗಿ ತೀರ್ಮಾನಿಸಿದ್ದೆ.

ಆ ವರ್ಷ ಸಂಘದ ಚರ್ಚಾಸ್ಪರ್ಧೆಗೆ ‘ಕೃತಜ್ಞತೆಯಿಂದ ಬಾಳು ಹಸನಾಗುತ್ತದೆ’ ಎಂಬ ವಿಷಯ ಕೊಟ್ಟರು. ಚೀಟಿಯಲ್ಲಿ ನನಗೆ ವಿರೋಧ ಪಕ್ಷ ಬಂತು. ಬರದಿದ್ದರೂ ನಾನು ಅದನ್ನೇ ಕೇಳಿ ಪಡೆಯುತ್ತಿದ್ದೆ. ಎದುರಾಳಿಯ ಬಾಯಿ ಮುಚ್ಚಿಸಲು ಪ್ರಯೋಗ ಮಾಡಬೇಕೆನಿಸಿತು. ಹದಿನೈದು ದಿನ ಸಿಕ್ಕವರಿಗೆಲ್ಲ ಕೃತಜ್ಞತೆ ಹೇಳುವುದು, ಸಂಜೆ ನೋಟ್‌ಬುಕ್ಕಿನಲ್ಲಿ ಬರೆಯುವುದು, ಕೊನೆಗೆ ವೇದಿಕೆಯ ಮೇಲೆ ನಿಂತು “ನೋಡಿ, ನಾನು ಹೇಗಿದ್ದೆನೋ ಹಾಗೆಯೇ ಇದ್ದೇನೆ” ಎಂದು ಘೋಷಿಸುವುದು.

ಮೊದಲ ದಿನ ಅವ್ವ ರೊಟ್ಟಿ ಬಡಿಸಿದಳು. “ಉಪಕಾರ ಆತವ್ವಾ,” ಅಂದೆ.

ಅವ್ವನ ಕೈ ತಟ್ಟೆಯ ಮೇಲೆಯೇ ನಿಂತಿತು. “ಯಾಕೋ, ಪಲ್ಯಾದಾಗ ಉಪ್ಪು ಹೆಚ್ಚಾಗೇತೇನು? ನೆಟ್ಟಗ ಹೇಳಬಾರದ?”

“ಇಲ್ಲವ್ವಾ, ಛಲೋ ಆಗೇತಿ.”

“ಹಂಗಾದ್ರ ಜ್ವರ ಬಂದಾವು,” ಎಂದು ಹಣೆ ಮುಟ್ಟಿ ನೋಡಿದಳು.

ಆದರೂ ಬಿಡಲಿಲ್ಲ. ತೊಂದರೆ ಎಲ್ಲಿಂದ ಬಂತೆಂದರೆ, ದಿನಾ ಬರೆಯಬೇಕಾದರೆ ದಿನಾ ನೋಡಬೇಕಾಗುತ್ತಿತ್ತು. ನಾನು ಏಳುವ ಮೊದಲೇ ನಳದ ನೀರು ತುಂಬಿ ಹಂಡೆ ಸೇರಿರುತ್ತಿತ್ತು. ಅಂಗಿಯ ಗುಂಡಿ ತಾನಾಗಿ ಹತ್ತಿಕೊಂಡಿರುತ್ತಿರಲಿಲ್ಲ. ಒಂಬತ್ತನೆಯ ದಿನ ಲೋಕಲ್‌ನಲ್ಲಿ ಪೇಪರಿನಿಂದ ತಲೆ ಎತ್ತಿ ಚಾಚಾರನ್ನು ನೋಡಿದೆ. ಒಂದು ಕಾಲು ದಾರಿಯಲ್ಲಿ ಚಾಚಿ, ಬಂದವರ ಚೀಲ ಮೊಣಕಾಲಿಗೆ ಬಡಿಯುತ್ತಿದ್ದರೂ ಊಟದ ಡಬ್ಬಿ ಅವಚಿಕೊಂಡು ಕುಳಿತಿದ್ದರು. ಇಳಿಯುವ ಅನುಕೂಲಕ್ಕೇ ಆಗಿದ್ದರೆ ದಾದರ್ ಆದ ಮೇಲೆ ಅಂಚಿಗೆ ಬರಬಹುದಿತ್ತಲ್ಲ? ಸಾಂತಾಕ್ರೂಜಿನಿಂದಲೇ ಯಾಕೆ? ನನ್ನ ತರ್ಕ ಅಲ್ಲೇ ಕುಸಿಯಿತು. ಆ ವಾರ ನನಗೆ ಚೆನ್ನಾಗಿ ನಿದ್ದೆ ಬರುತ್ತಿತ್ತು ಎಂಬುದೂ ನೋಟ್‌ಬುಕ್ಕಿನಲ್ಲಿದೆ.

ಇವರಿಗೆ ಬರಿಯ ಕೃತಜ್ಞತೆ ಸಾಲದು ಅನಿಸಿತು. ಮರುದಿನ ಚಾಚಾ ಎದುರಿನವರೊಡನೆ ಮಾತಿಗೆ ಬಿದ್ದು ನನ್ನನ್ನು ನೋಡಲಿಲ್ಲ. ಬಾಂದ್ರಾವರೆಗೆ ನಿಂತೇ ಇದ್ದೆ. ಆಮೇಲೆ ಕಂಡು, “ಅಯ್ಯ ಬೇಟಾ, ಬಾ ಬಾ,” ಎಂದು ಸರಿದರು. ನಾನು ಕುಳಿತು, ವೇದಿಕೆಯ ದನಿಯಲ್ಲಿ ಹೇಳಿದೆ: “ದೊಡ್ಡ ಉಪಕಾರ ಆತ್ರಿ ಚಾಚಾ.”

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ಉಪಕಾರ ಆತು’ ಅಂದರೆ ಕೃತಜ್ಞತೆ. ‘ದೊಡ್ಡ’ ಸೇರಿಸಿದರೆ ಕುಟುಕು. ತಡಮಾಡಿ ಬಂದ ಗಂಡನಿಗೆ ಹೆಂಡತಿ ಹೇಳುವುದು, “ಬಂದ್ರಲ್ಲ, ದೊಡ್ಡ ಉಪಕಾರ ಆತು.” ಅವ್ವ ನನಗೆ ವಾರಕ್ಕೊಮ್ಮೆ ಹೇಳುತ್ತಿದ್ದಳು. ಆದರೆ ನನಗೆ ವಿಶೇಷಣದ ಚಟ. ವಿಶೇಷಣವಿಲ್ಲದ ವಾಕ್ಯ ನನಗೆ ಬನಿಯನ್ನಿನಲ್ಲಿ ನಿಂತ ಭಾಷಣಕಾರನಂತೆ ಕಾಣುತ್ತಿತ್ತು.

ಚಾಚಾ ನನ್ನ ಮುಖ ನೋಡಿದರು. ಡಬ್ಬಿ ಎತ್ತಿಕೊಂಡು ಎದ್ದು ನಿಂತರು. “ಪೂರಾ ಕುಂದ್ರಿ ಸಾಹೇಬ್ರ. ಅರ್ಧಾ ಉಪಕಾರ ಯಾಕ?”

“ಅರೆ ಚಾಚಾ, ಕ್ಯಾ ಹುವಾ?” ಎಂದು ಕಿಟಕಿಯ ಕಡೆಯವರು ನಕ್ಕರು.

ಸಾಹೇಬ್ರ! ಕುಂದ್ರು ಹೋಗಿ ಕುಂದ್ರಿ! ಆಗಲಾದರೂ ಬಾಯಿ ಮುಚ್ಚಬೇಕಿತ್ತು. ನಾನು ವಾದಿಸಿದೆ. “ಶಬ್ದಾರ್ಥ ನೋಡ್ರಿ ಚಾಚಾ. ದೊಡ್ಡ ಅಂದ್ರ ದೊಡ್ಡದು, ಅಷ್ಟ. ಕುಟುಕು ಅನ್ನೋದು ಕೇಳೋರ ಕಿವಿಯಾಗ ಇರ್ತೈತಿ...” ಅದನ್ನೇ ಹಿಂದಿಯಲ್ಲೂ ಬಿಡಿಸಿ ಹೇಳಿದೆ. ದಾದರ್ ಬರುವಷ್ಟರಲ್ಲಿ ಇಡೀ ಬೆಂಚು ನನ್ನ ಮಾತು ಒಪ್ಪಿತ್ತು, ಅವರೊಬ್ಬರನ್ನು ಬಿಟ್ಟು.

“ನೀವು ಓದಿದವರು. ನಿಮ್ಮ ಕೂಡ ವಾದ ಮಾಡಾಕ ನಮಗೆಲ್ಲಿ ಆಗ್ತೈತ್ರಿ,” ಎಂದು ಲೋವರ್ ಪರೇಲಿನಲ್ಲಿ ಇಳಿದುಹೋದರು.

ಸ್ಪರ್ಧೆಯಲ್ಲಿ ಗೆದ್ದೆ. ಹೇಗೆ ಅಂತೀರಿ? ಚಾಚಾರನ್ನೇ ಉದಾಹರಣೆ ಮಾಡಿ. “ಮಹನೀಯರೇ, ಕೃತಜ್ಞತೆ ಹೇಳಿದ ದಿನವೇ ಒಂದು ವರ್ಷದ ಸ್ನೇಹ ಮುರಿಯಿತು!” ಚಪ್ಪಾಳೆ ಬಿತ್ತು. ನಿದ್ದೆಯ ಸಂಗತಿ, ಅಂಚಿನ ಸಂಗತಿ ಹೇಳಲಿಲ್ಲ. ನನ್ನ ಪಕ್ಷಕ್ಕೆ ವಿರುದ್ಧವಾದ ಸಾಕ್ಷ್ಯವನ್ನು ನಾನೇ ಮುಚ್ಚಿಟ್ಟೆ. ಸಭೆಯಲ್ಲಿ ಕುಳಿತು ಕೇಳಿದ್ದ ಅವ್ವ ಮನೆಗೆ ಬರುವಾಗ ಬಹುಮಾನದ ಕಪ್ಪನ್ನು ಕೈಯಲ್ಲಿ ತಿರುಗಿಸಿ ನೋಡಿದಳು.

“ಆ ಮನಿಷಾನ್ನ ನಿಲ್ಲಿಸಿ ಇದನ್ನ ತಂದಿ. ದೊಡ್ಡ ಉಪಕಾರ ಮಾಡಿದಿ ಬಿಡು ಅವರಿಗೆ.”

ಸೀಟು ಹೋಯಿತೆಂದು ತಿಳಿಯಬೇಡಿ. ಚಾಚಾ ಮರುದಿನವೂ ಅಂಚಿಗೆ ಸರಿದರು, ಆಮೇಲೂ ಸರಿದರು. “ಕುಂದ್ರಿ,” ಅನ್ನುವರು, ಅಷ್ಟೇ. ಇವತ್ತು ಯಾರನ್ನು ಸೋಲಿಸಲು ಹೊರಟೆ ಎಂದು ಕೇಳುವುದು ನಿಂತಿತು. ಆ ಗೌರವದಲ್ಲಿ ಕೂರುವುದಕ್ಕಿಂತ ಬಾಗಿಲಲ್ಲಿ ಜೋತುಬೀಳುವುದು ಹಿತವಾಗಿತ್ತು. ನೋಟ್‌ಬುಕ್ಕನ್ನಂತೂ ಹದಿನೈದು ದಿನಕ್ಕೆ ನಿಲ್ಲಿಸಲಿಲ್ಲ, ದಿನಕ್ಕೊಂದು ಸಾಲು ಬರೆಯುತ್ತಲೇ ಇದ್ದೆ. ನಿದ್ದೆಯೂ ಬರುತ್ತಲೇ ಇತ್ತು, ಬೆಳಗಿನ ಆ ‘ಕುಂದ್ರಿ’ ನೆನಪಾಗುವವರೆಗೆ. ‘ಸುಖವಾಗಿದ್ದಾನಂತೆ’ ಎಂಬುದಕ್ಕೆ ನನ್ನ ಮೂರನೆಯ ಆಕ್ಷೇಪ ಅದು.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಅವರು ಸರಿಯುವ ಮೊದಲೇ ನಾನು ಅಂಚಿನಲ್ಲಿ ಕುಳಿತುಬಿಟ್ಟೆ. ಮಾಹಿಮ್‌ನಲ್ಲಿ ಯಾರದೋ ಚೀಲ ಮೊಣಕಾಲಿಗೆ ಬಡಿಯಿತು. ಮಾತುಂಗಾ ರೋಡ್‌ನಲ್ಲಿ ಸೊಂಟ ಹಿಡಿಯಿತು. ದಾದರ್‌ನಲ್ಲಿ ನೆಲಕ್ಕೇ ಜಾರುತ್ತಿದ್ದೆ, ಚಾಚಾ ರಟ್ಟೆ ಹಿಡಿದು ಎಳೆದುಕೊಂಡರು. ಹಿಡಿದ ಕೈಯನ್ನು ಲೋವರ್ ಪರೇಲ್ ಬರುವವರೆಗೆ ಬಿಡಲಿಲ್ಲ. ಡಬ್ಬಿ ಎತ್ತಿಕೊಂಡು ಏಳುವಾಗ ನಾನು ಕೇಳಿದೆ, ವಿಶೇಷಣವಿಲ್ಲದೆ:

“ಚಾಚಾ, ನನಗ ಮತ್ತ ‘ನೀ’ ಅಂತ ಯಾವಾಗ ಅಂತೀರಿ?”